ಡಾಕ್ಟರ್ ವಿಷ್ಣು ಮಾಧವ ಘಾಟಗೆಯವರು

ಚಳಿಗಾಲದಲ್ಲಿ ಶಿರಹಟ್ಟಿ ತಾಲೂಕಿನ ಮಾಗಡಿ ಕೆರೆಗೆ ಹಿಮಾಲಯದ ಆಚೆಯಿಂದ ಪಟ್ಟೆತಲೆಯ ಹೆಬ್ಬಾತುಗಳು ಹಿಂಡುಹಿಂಡಾಗಿ ಬರುವುದನ್ನು ನಮ್ಮ ಸೀಮೆಯ ವಾಚಕರು ಬಲ್ಲರಷ್ಟೆ. ಅವು ಕೆರೆಯನ್ನು ಸುತ್ತುವಾಗ ಒಂದು ರೆಕ್ಕೆಯನ್ನು ತಗ್ಗಿಸಿ, ಮತ್ತೊಂದನ್ನೆತ್ತಿ, ಮೈಯನ್ನೇ ಓರೆಮಾಡಿ ತಿರುಗುತ್ತವೆ. ವಿಮಾನವು ಬಾನಿನಲ್ಲಿ ದಿಕ್ಕು ಬದಲಿಸುವ ಮರ್ಮವೂ ಇದೇ. ಈ ವಿದ್ಯೆಯನ್ನು ನಮ್ಮ ದೇಶದ ತರುಣರು ಸ್ವದೇಶದ ವಿಮಾನದಲ್ಲಿಯೇ ಅಭ್ಯಸಿಸುವಂತೆ ಮಾಡಿದ ಮಹನೀಯರ ಚರಿತ್ರೆಯನ್ನು ಇಲ್ಲಿ ಸಂಗ್ರಹವಾಗಿ ಹೇಳುವೆವು.

ಘಾಟಗೆಯವರು 1908ನೆಯ ಇಸವಿ ಅಕ್ಟೋಬರ 24ರಂದು ಕೊಲ್ಲಾಪುರ ಸೀಮೆಯ ಹಾಸೂರಿನಲ್ಲಿ ಜನಿಸಿದರು. ಮುಂದೆ ಜರ್ಮನಿಯ ಗಟಿಂಗೆನ್ ಪಟ್ಟಣಕ್ಕೆ ಹೋಗಿ, ವಾಯುಚಲನಶಾಸ್ತ್ರದಲ್ಲಿ ಜಗದ್ವಿಖ್ಯಾತರಾದ ಲುಡ್‌ವಿಗ್ ಪ್ರಾಂಟಲ್ ಎಂಬ ಆಚಾರ್ಯರ ಬಳಿಯಲ್ಲಿ ಅಭ್ಯಾಸಮಾಡಿ, 1936ರಲ್ಲಿ ಡಾಕ್ಟರ್ ಪದವಿಯನ್ನು ಪಡೆದರು. 1940ರಲ್ಲಿ ವಾಲಚಂದ ಹೀರಾಚಂದರು ಮೈಸೂರು ಸರಕಾರದ ನೆರವಿನಿಂದ ಬೆಂಗಳೂರಿನಲ್ಲಿ ಹಿಂದುಸ್ಥಾನ್ ಏರ್‌ಕ್ರಾಫ್ಟ್ ಕಾರಖಾನೆಯನ್ನು ಸ್ಥಾಪಿಸಲು, ಘಾಟಗೆಯವರು ಅಲ್ಲಿ ಸೇರಿದರು. 1941ರಲ್ಲಿ ಅವರು ರಚಿಸಿದ ಯಂತ್ರವಿಲ್ಲದ ಗ್ಲೈಡರ್ ಹಾರಿತು. 1942ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ವಿಮಾನಶಾಸ್ತ್ರದ ವಿಭಾಗವು ಅವರ ಮುಂದಾಳುತನದಲ್ಲಿ ಆರಂಭವಾಯಿತು.

ಆದರೂ ಸ್ವಾತಂತ್ರ್ಯ ಬಂದಾಗ ನಮ್ಮ ತರುಣರು ಹಾರಾಟದ ಮೊದಲ ಪಾಠವನ್ನು ಪರದೇಶದ ಟೈಗರ್ ಮಾತ್ ವಿಮಾನದಲ್ಲಿಯೇ ಕಲಿಯಬೇಕಾಗಿದ್ದಿತು. ಈ ಕೊರತೆಯನ್ನು ನೀಗುವುದಕ್ಕಾಗಿ ಘಾಟಗೆಯವರು ಎಚ್‌ಟಿ-2 ಎಂಬ ಶಿಕ್ಷಣ ವಿಮಾನವನ್ನು ರಚಿಸಿದರು. ಅದು 1951ನೆಯ ಇಸವಿ ಆಗಸ್ಟ 5ರಂದು ಮೊದಲ ಸಲ ಬಾನಿಗೇರಿತು. ನಡೆಸಿದವರು ಕ್ಯಾಪ್ಟನ್ ಜಮ್ಶೇದ್ ಮುನ್ಶಿಯವರು.

ವಿಮಾನವನ್ನು ತಿರುಗಿಸುವುದು ಬಂಡಿಯನ್ನು ತಿರುಗಿಸಿದಂತಲ್ಲ. ಬಂಡಿಯ ಗಾಲಿಗೆ ನೆಲದ ಹಿಡಿತವುಂಟು, ವಿಮಾನಕ್ಕೆ ಅದಿಲ್ಲ. ಬಾಲದ ಚುಕ್ಕಾಣಿಯನ್ನಷ್ಟೇ ಹೊರಳಿಸಿದರೆ ಮೂತಿಯು ಹೊರಳುವುದು, ವಿಮಾನವೋ ಪಕ್ಕಕ್ಕೆ ಜಾರುವುದು. ಆದುದರಿಂದ ಚಾಲಕನು ಕೈಯ ದಂಡವನ್ನು ಎಡಕ್ಕೆ ಸರಿಸುವನು. ಆಗ ಎಡರೆಕ್ಕೆಯ ಅಂಚಿನ ಹಲಗೆಯು ಮೇಲೇಳುವುದು, ಬಲಗಡೆಯದು ಕೆಳಗಿಳಿಯುವುದು. ಎಡರೆಕ್ಕೆ ತಗ್ಗಿ ವಿಮಾನವು ಓರೆಯಾಗುವುದು. ಅದನ್ನು ಎತ್ತಿ ಹಿಡಿದಿದ್ದ ಗಾಳಿಯ ಬಲವೂ ಎಡಕ್ಕೆ ವಾಲಿ, ವಿಮಾನವನ್ನು ಆ ಕಡೆಗೆ ಎಳೆಯುವುದು. ಎತ್ತುವ ಬಲದ ಒಂದು ಪಾಲು ಹೀಗೆ ತಿರುವಿಗೆ ಸಲ್ಲುವುದರಿಂದ, ಎತ್ತರವು ಕುಗ್ಗದಂತೆ ದಂಡವನ್ನು ತುಸು ಹಿಂದಕ್ಕೆಳೆದು ಮೂತಿಯನ್ನು ಎತ್ತಬೇಕು. ಕಾಲಿನಿಂದ ಚುಕ್ಕಾಣಿಯನ್ನು ಹದವಾಗಿ ಒತ್ತಬೇಕು. ಬೆಟಗೇರಿಯ ನೇಕಾರನು ಕೈಯಿಂದ ಲಾಳಿಯನ್ನೂ ಕಾಲಿನಿಂದ ಮೆಟ್ಟುಗಳನ್ನೂ ಹೊಂದಿಸಿ ನಡೆಸುವಂತೆ ಇಲ್ಲಿಯೂ ಕೈಕಾಲುಗಳು ಕೂಡಿ ದುಡಿಯಬೇಕು.

ಈ ಹೊಂದಿಕೆಯು ಪುಸ್ತಕದಿಂದ ಬರತಕ್ಕದ್ದಲ್ಲ. ಅದಕ್ಕೆಂದೇ ಎಚ್‌ಟಿ-2ರಲ್ಲಿ ಒಂದರ ಹಿಂದೊಂದು ಎರಡು ಆಸನಗಳು. ಎರಡರ ಮುಂದೆಯೂ ಒಂದೇ ಬಗೆಯ ದಂಡ, ಒಂದೇ ಬಗೆಯ ಮೆಟ್ಟುಗಳು. ಶಿಷ್ಯನು ತಪ್ಪಿದರೆ ಗುರುವಿನ ಕೈ ತಿದ್ದುವುದು. ಶಿಷ್ಯನು ಕಲಿತಂತೆಲ್ಲ ಆ ಕೈ ಸಡಿಲವಾಗುವುದು. ಕಡೆಗೊಂದು ದಿನ ಗುರುವು ಕೆಳಗಿಳಿದು, ಶಿಷ್ಯನೊಬ್ಬನನ್ನೇ ಬಾನಿಗೆ ಕಳುಹುವನು. ಇಂಥ ವಿಮಾನಗಳು ನೂರೈವತ್ತಕ್ಕೂ ಮಿಕ್ಕಿ ನಿರ್ಮಾಣವಾಗಿ, ವಾಯುಪಡೆಯಲ್ಲಿಯೂ ಹಾರಾಟದ ಶಾಲೆಗಳಲ್ಲಿಯೂ ಅನೇಕ ವರ್ಷ ಸೇವೆ ಸಲ್ಲಿಸಿದುವು.

ಘಾಟಗೆಯವರು ತರುವಾಯ ಪುಷ್ಪಕ, ಕೃಷಕ, ಕಿರಣ ಮುಂತಾದ ವಿಮಾನಗಳ ರಚನೆಯಲ್ಲಿಯೂ ಮುಂದಾಳಾದರು. 1965ರಲ್ಲಿ ಅವರಿಗೆ ಪದ್ಮಶ್ರೀ ದೊರೆಯಿತು. 1991ನೆಯ ಇಸವಿ ಡಿಸೆಂಬರ 6ರಂದು ಅವರು ದೈವಾಧೀನರಾದರು.

ನಮ್ಮ ಹಳೆಯ ವಿದ್ಯಾರ್ಥಿನಿಯರಲ್ಲಿ ಅನೇಕರು ಈಗ ತಾವೇ ಉಪಾಧ್ಯಾಯಿನಿಯರೂ ತಾಯಂದಿರೂ ಆಗಿರುವರು. ಮಕ್ಕಳ ಕೈಯೊಡನೆ ತಮ್ಮ ಕೈಯನ್ನಿಟ್ಟು ನಡೆಸುವುದು ಎಷ್ಟು ಅವಶ್ಯವೋ, ಸಮಯವರಿತು ಆ ಕೈಯನ್ನು ತೆಗೆಯುವುದೂ ಅಷ್ಟೇ ಅವಶ್ಯವೆಂಬುದನ್ನು ಇವರ ವಿಮಾನವು ನಮಗೆ ಕಲಿಸುತ್ತದೆ.