ಹುಲಿಯ ದನಿ ಕಲಿತ ಕೆನೆತ್ ಆಂಡರ್ಸನ್

ಪೂರ್ಣಚಂದ್ರ ತೇಜಸ್ವಿಯವರ ‘ಕಾಡಿನ ಕತೆಗಳು’ ಓದಿದವರಿಗೆ ಕೆನೆತ್ ಆಂಡರ್ಸನ್ ಹೊಸಬರಲ್ಲ. ಗುಂಡ್ಲುಪೇಟೆಯಲ್ಲಿ ಬೆಳೆದ ನನಗೆ ಬಂಡೀಪುರದ ಹುಲಿ ಅರ್ಥವಾಗತೊಡಗಿದ್ದು ಅವರ ಅನುಭವಗಳಿಂದಲೇ.

ಆಂಡರ್ಸನ್ 1910ರಲ್ಲಿ ಸಿಕಂದರಾಬಾದಿನ ಬಳಿಯ ಬೊಲಾರಂನಲ್ಲಿ ಹುಟ್ಟಿದರು. ಓದಿದ್ದು ಬೆಂಗಳೂರಿನ ಬಿಷಪ್ ಕಾಟನ್ ಶಾಲೆಯಲ್ಲಿ. ಮುಂದೆ ಅಲ್ಲಿನ ವಿಮಾನ ಕಾರ್ಖಾನೆಯಲ್ಲಿ ಕೆಲಸ ಮಾಡಿದರು. ಕನ್ನಡ, ತಮಿಳು ಬಲ್ಲ ಅವರಿಗೆ ಹಳ್ಳಿಗರೂ ಕಾಡಿನ ಜನರೂ ಗೆಳೆಯರಾಗಿದ್ದರು. ಬಂಡೀಪುರದಿಂದ ಮೋಯಾರ್ ನದಿಯಾಚೆಗಿರುವ ಸೀಗೂರು ಕಾಡಿನಲ್ಲೂ ನರಭಕ್ಷಕನ ಬೆನ್ನುಹತ್ತಿದ್ದರು.

ನರಭಕ್ಷಕ ಹುಲಿ ಬಂತೆಂದರೆ ಅಟ್ಟಣೆಯ ಮೇಲೆ ರಾತ್ರಿಯಿಡೀ ಅಲುಗಾಡದೆ ಕೂರುತ್ತಿದ್ದರು. ಏಕೆಂದರೆ ಹುಲಿ ಬೇಟೆಯಲ್ಲಿ ಹೆಚ್ಚಾಗಿ ನೆಚ್ಚುವುದು ಕಣ್ಣು, ಕಿವಿಗಳನ್ನು. ಅದರ ಕಣ್ಣಿನ ಹಿಂಭಾಗದ ಪದರವೊಂದು ಬೆಳಕನ್ನು ಮರಳಿ ಪ್ರತಿಫಲಿಸುವುದರಿಂದ ಮಬ್ಬಿನಲ್ಲೂ ಅದಕ್ಕೆ ಚೆನ್ನಾಗಿ ಕಾಣುತ್ತದೆ. ಕಿವಿಗಳು ಸದ್ದಿನ ದಿಕ್ಕಿಗೆ ತಿರುಗುತ್ತವೆ. ಒಣಗಿದ ಎಲೆ ಸರಕ್ಕೆಂದರೂ ಸಾಕು. ಮೂಗು ಹೆಚ್ಚು ನೆರವಾಗುವುದು ತಮ್ಮತಮ್ಮಲ್ಲಿ ಸುದ್ದಿ ತಿಳಿಸಲು. ಹುಲಿ ಮರದ ಬುಡಕ್ಕೆ ಮೂತ್ರ ಸಿಂಪಡಿಸಿ, ಕಾಂಡವನ್ನು ಉಗುರಿನಿಂದ ಗೀರಿ ಹೋಗುತ್ತದೆ. ಮುಂದೆ ಬಂದ ಹುಲಿ ಅದನ್ನು ಮೂಸಿ, ಮೇಲ್ದುಟಿ ಎತ್ತಿ ವಾಸನೆ ಹೀರಿ, ಯಾರ ಗಡಿಯೆಂದು ತಿಳಿಯುತ್ತದೆ. ದೂರದವರಿಗೆ ಕೂಗು.

ಆ ಕೂಗನ್ನೂ ಆಂಡರ್ಸನ್ ಕಲಿತಿದ್ದರು. ಹೊಸೂರು ಸೀಮೆಯ ಜವಳಗಿರಿಯಲ್ಲಿ ಜೋಡಿಯನ್ನು ಕಳೆದುಕೊಂಡ ಹೆಣ್ಣುಹುಲಿಯೊಂದು ಮುಂದೆ ನರಭಕ್ಷಕಿಯಾಯಿತು. ಅದು ಸಂಗಾತಿಗಾಗಿ ಕೂಗುತ್ತಿದ್ದಾಗ ಆಂಡರ್ಸನ್ ಗಂಡುಹುಲಿಯ ದನಿಯಲ್ಲಿ ಉತ್ತರ ಕೊಟ್ಟರು. ನಂಬಿ ಬಂದ ಹುಲಿ ಗುಂಡಿಗೆ ಬಲಿಯಾಯಿತು. ಹಳ್ಳಿಗಳು ಉಳಿದವು ನಿಜ. ಆದರೂ ಇದನ್ನು ಓದಿದಾಗಲೆಲ್ಲ ನನ್ನ ಮನಸ್ಸು ಭಾರವಾಗುತ್ತದೆ. ಕೊನೆಗಾಲದಲ್ಲಿ ಆಂಡರ್ಸನ್ ಕೂಡ ಕಾಡು ಉಳಿಸುವ ಮಾತನ್ನೇ ಹೆಚ್ಚು ಬರೆದರು.

ಅವರು ತೀರಿಕೊಂಡದ್ದು 1974ರಲ್ಲಿ. ಅದಕ್ಕೆ ಒಂದು ವರ್ಷ ಮೊದಲು ಬಂಡೀಪುರ ಹುಲಿ ಯೋಜನೆಗೆ ಸೇರಿತ್ತು. 2009ರಿಂದ ಇಲ್ಲಿನ ಹೆದ್ದಾರಿಯಲ್ಲಿ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ವಾಹನ ಸಂಚಾರಕ್ಕೆ ನಿರ್ಬಂಧವಿದೆ. ಕೇರಳಕ್ಕೆ ತರಕಾರಿ ಸಾಗಿಸುವ ನಮ್ಮೂರಿನವರಿಗೆ ಇದರಿಂದ ತೊಂದರೆಯಿದೆ, ಒಪ್ಪುತ್ತೇನೆ. ಆದರೆ ಕತ್ತಲಲ್ಲಿ ನೋಡುವ, ಸದ್ದಿನಿಂದ ಬದುಕುವ ಪ್ರಾಣಿಗೆ ಲಾರಿಯ ದೀಪ, ಹಾರನ್ನು ಎಂದರೆ ಕಣ್ಣು ಕಿವಿ ಎರಡನ್ನೂ ಕಟ್ಟಿದಂತೆ. ಗೆಳೆಯರೇ, ಹಗಲಲ್ಲಿ ಆ ದಾರಿಯಲ್ಲಿ ಹೋಗುವಾಗಲೂ ಹಾರನ್ನು ಹೊಡೆಯದಿರೋಣ.