ಆಲ್ಡೋ ಲಿಯೋಪೋಲ್ಡ್: ಕಾಡುಪ್ರಾಣಿಗಳಿಗಾಗಿ ರಾಜ್ಯ ಸರ್ವೆ ಮಾಡಿದವರು

ಸರ್ವೆ ಅಂದ ತಕ್ಷಣ ನಮ್ಮ ಸಿವಿಲ್‌ನವರಿಗೆ ನೆನಪಾಗೋದು ಥಿಯೋಡೊಲೈಟು, ಚೈನು ಮತ್ತು ಆ ಸುಡು ಬಿಸಿಲು. ರಸ್ತೆಗೂ ಅಲ್ಲ, ಅಣೆಕಟ್ಟಿಗೂ ಅಲ್ಲ, ಲಾವಕ್ಕಿ, ಜಿಂಕೆಗಳಿಗೋಸ್ಕರ ರಾಜ್ಯರಾಜ್ಯಗಳನ್ನೇ ಸರ್ವೆ ಮಾಡಿದ ಒಬ್ಬರಿದ್ದರು. ಅಮೆರಿಕದ ಆಲ್ಡೋ ಲಿಯೋಪೋಲ್ಡ್.

ಹುಟ್ಟಿದ್ದು 1887ರ ಜನವರಿ 11ರಂದು, ಅಯೋವಾ ರಾಜ್ಯದ ಬರ್ಲಿಂಗ್ಟನ್‌ನಲ್ಲಿ, ಮಿಸಿಸಿಪ್ಪಿ ನದಿಯ ದಂಡೆ ಮೇಲೆ. ಅಪ್ಪನದು ಮೇಜು ತಯಾರಿಸುವ ಕಾರ್ಖಾನೆ. ಅಪ್ಪ ಬೇಟೆಗಾರ ಕೂಡ. ಆದರೆ ಬಾತುಕೋಳಿಗಳು ಕಮ್ಮಿಯಾಗ್ತಿರೋದನ್ನ ಕಂಡು, ಕಾನೂನು ಬರೋಕೆ ಮೊದಲೇ ವಸಂತಕಾಲದ ಬೇಟೆಯನ್ನು ತಾವಾಗಿಯೇ ಬಿಟ್ಟವರು. ಮಗ ಯೇಲ್ ವಿಶ್ವವಿದ್ಯಾಲಯದಲ್ಲಿ ಅರಣ್ಯಶಾಸ್ತ್ರ ಓದಿ, 1909ರಲ್ಲಿ ಅರಣ್ಯ ಇಲಾಖೆ ಸೇರಿ ಅರಿಜೋನಾಕ್ಕೆ ಹೋದರು.

ಅಲ್ಲಿ ಅವರು ತೋಳಗಳನ್ನು ಕೊಂದರು. ಆಗ ಅದು ತಪ್ಪು ಅಂತ ಯಾರಿಗೂ ಅನ್ನಿಸ್ತಿರಲಿಲ್ಲ. ತೋಳ ಜಿಂಕೆ ತಿನ್ನುತ್ತೆ, ಹಾಗಾಗಿ ತೋಳ ಕಮ್ಮಿಯಾದರೆ ಜಿಂಕೆ ಜಾಸ್ತಿ. ಒಂದೇ ವೇರಿಯಬಲ್ ಇರುವ ಸಮೀಕರಣ! ನ್ಯೂ ಮೆಕ್ಸಿಕೋದಲ್ಲಿ ತೋಳ, ಬೆಟ್ಟದ ಸಿಂಹಗಳನ್ನು ಪೂರ್ತಿ ನಿರ್ನಾಮ ಮಾಡಬೇಕು ಅಂತ ಓಡಾಡಿ ಪ್ರಚಾರವನ್ನೂ ಮಾಡಿದರು. 1913ರಲ್ಲಿ ಚಳಿ ಮಳೆಗೆ ಸಿಕ್ಕಿ ಮೂತ್ರಪಿಂಡದ ಕಾಯಿಲೆ ಬಂದು ಸಾಯೋ ಹಂತಕ್ಕೆ ಹೋದರು. ಚೇತರಿಸಿಕೊಳ್ಳೋಕೆ ವರ್ಷಕ್ಕೂ ಮೇಲೆ ಹಿಡಿಯಿತು. 1924ರಲ್ಲಿ ಅವರ ಪ್ರಸ್ತಾಪದಂತೆ ಹೀಲಾ ಕಾಡಿನ ದೊಡ್ಡ ಭಾಗವನ್ನು ರಸ್ತೆಯಿಲ್ಲದ ವನ್ಯಪ್ರದೇಶವಾಗಿ ಉಳಿಸಲಾಯಿತು. ಕೆಲವೇ ವರ್ಷಗಳಲ್ಲಿ ಅಲ್ಲಿ ಜಿಂಕೆ ಮಿತಿಮೀರಿ, ಬೇಟೆಗಾರರು ಒಳಗೆ ಹೋಗಲಿ ಅಂತ ಅದರ ಮಧ್ಯದಲ್ಲೇ ರಸ್ತೆ ತೆರೆಯಬೇಕಾಯಿತು. ಸಮೀಕರಣದಲ್ಲಿ ಏನೋ ಬಿಟ್ಟುಹೋಗಿತ್ತು.

ಅದೇ 1924ರಲ್ಲಿ ವಿಸ್ಕಾನ್ಸಿನ್ ರಾಜ್ಯದ ಮ್ಯಾಡಿಸನ್‌ಗೆ ವರ್ಗವಾಯಿತು. ಮರಮುಟ್ಟಿನ ಸಂಶೋಧನಾ ಪ್ರಯೋಗಾಲಯದ ಕೆಲಸ. ಮನಸ್ಸೆಲ್ಲ ಹೊರಗಿದ್ದವರಿಗೆ ಅದು ಹಿಡಿಸಲಿಲ್ಲ. 1928ರಲ್ಲಿ ಕೆಲಸ ಬಿಟ್ಟರು. ಸರ್ವೆ ಶುರುವಾದದ್ದು ಇಲ್ಲಿಂದ. ದುಡ್ಡು ಕೊಟ್ಟವರು ಯಾರು ಗೊತ್ತಾ? ಬಂದೂಕು, ತೋಟಾ ತಯಾರಕರ ಸಂಘ. ಹೊಡೆಯೋಕೆ ಹಕ್ಕಿಯೇ ಇಲ್ಲದಿದ್ದರೆ ತೋಟಾ ಯಾರು ಕೊಳ್ತಾರೆ!

ಮಿಷಿಗನ್, ಮಿನೆಸೋಟ, ಅಯೋವಾ, ಒಹಾಯೋ, ಹೀಗೆ ಒಂದಾದ ಮೇಲೊಂದು ರಾಜ್ಯ ಸುತ್ತಿದರು. ರೈತರನ್ನು, ಬೇಟೆಗಾರರನ್ನು, ವಿಜ್ಞಾನಿಗಳನ್ನು ಮಾತಾಡಿಸಿ, ಯಾವ ಪ್ರಾಣಿ ಎಲ್ಲಿದೆ, ಎಲ್ಲಿ ಇತ್ತು, ಯಾಕೆ ಹೋಯ್ತು ಅಂತ ನಕ್ಷೆ, ಕೋಷ್ಟಕ ಮಾಡಿದರು. 1931ರಲ್ಲಿ ವರದಿ ಪುಸ್ತಕವಾಗಿ ಬಂತು. ಲಾವಕ್ಕಿಗಳ ಕಥೆಯನ್ನೇ ನೋಡಿ. ಅವು ಬದುಕೋದು ಹೊಲದ ಬೇಲಿಸಾಲಿನಲ್ಲಿ, ಮೂಲೆಯ ಪೊದೆಗಳಲ್ಲಿ. ರೈತ ಬೇಸಾಯವನ್ನು ಅಚ್ಚುಕಟ್ಟು ಮಾಡ್ತಾ ಹೋದ ಹಾಗೆ ಆ ಪೊದೆಗಳು ಮಾಯ, ಹಕ್ಕಿಯೂ ಮಾಯ. ಬೇಟೆ ನಿಷೇಧ ಮಾಡಿದರೂ ಅಲ್ಲಿಗೆ ವಾಪಸ್ ಬರಲ್ಲ. ಯಾಕಂದ್ರೆ ಒಂದು ಹಕ್ಕಿಗೆ ಊಟ, ನೀರು, ಅಡಗೋಕೆ ಜಾಗ ಮೂರೂ ಅದರ ಓಡಾಟದ ಅಳತೆಯೊಳಗೇ ಸಿಗಬೇಕು. ಹೀಗೆ ಪ್ರಶ್ನೆ ಎಷ್ಟು ಹೊಡೆಯಬಹುದು ಅನ್ನೋದರಿಂದ ಆವಾಸ ಹೇಗಿರಬೇಕು ಅನ್ನೋದಕ್ಕೆ ಬಂತು.

ಆದರೆ ಆ ಆವಾಸ ಇರೋದು ಯಾರ ಜಮೀನಿನಲ್ಲಿ? ರೈತನದ್ದು. ಸರ್ಕಾರ ಎಲ್ಲವನ್ನೂ ಕೊಳ್ಳೋಕಾಗಲ್ಲ. ಅದಕ್ಕೇ 1930ರಲ್ಲಿ ಅವರ ಮುಂದಾಳತ್ವದಲ್ಲಿ ತಯಾರಾದ ರಾಷ್ಟ್ರೀಯ ನೀತಿ, ಪ್ರಾಣಿಗಳಿಗೆ ಜಾಗ ಬಿಡುವ ಭೂಮಾಲೀಕನಿಗೆ ಪ್ರತಿಫಲ ಸಿಗಬೇಕು ಅಂತ ಹೇಳಿತು. ಮರುವರ್ಷ ಮ್ಯಾಡಿಸನ್ ಹತ್ತಿರದ ರೈಲಿ ಎಂಬ ಹಳ್ಳಿಯಲ್ಲಿ ಇದನ್ನು ಮಾಡಿಯೂ ನೋಡಿದರು. ರೈತರು ಜಮೀನು ಕೊಟ್ಟರು, ಪೇಟೆಯ ಬೇಟೆಗಾರರು ಖರ್ಚು ಮತ್ತು ಕೈಕೆಲಸ ಹಂಚಿಕೊಂಡರು. 1933ರಲ್ಲಿ ಅವರ ಪಠ್ಯಪುಸ್ತಕ ಬಂತು, ವಿಸ್ಕಾನ್ಸಿನ್ ವಿಶ್ವವಿದ್ಯಾಲಯ ಅವರಿಗಾಗಿ ವನ್ಯಜೀವಿ ನಿರ್ವಹಣೆಯ ಪ್ರಾಧ್ಯಾಪಕ ಪೀಠ ತೆರೆಯಿತು. ಆ ದೇಶದಲ್ಲಿ ಅಂಥದ್ದು ಅದೇ ಮೊದಲು.

ನಿಜವಾದ ಪರೀಕ್ಷೆ ಬಂದದ್ದು ಜಿಂಕೆ ವಿಷಯದಲ್ಲಿ. ಉತ್ತರ ವಿಸ್ಕಾನ್ಸಿನ್‌ನ ಕಾಡು ಕಡಿದು, ಬೆಂಕಿ ಬಿದ್ದು, ಮತ್ತೆ ಎಳೆ ಚಿಗುರು ತುಂಬಿತ್ತು. ತೋಳಗಳು ಬೆರಳೆಣಿಕೆ. ಜಿಂಕೆಗಳು ಏರಿದವು, ಸಸಿಗಳನ್ನೆಲ್ಲ ಮೇಯ್ದವು, ಹಿಮಗಾಲದಲ್ಲಿ ಹಸಿದು ಸತ್ತವು. ಲಿಯೋಪೋಲ್ಡ್ ನೇತೃತ್ವದ ಸಮಿತಿ ಚಳಿಗಾಲದಲ್ಲೇ ಕಾಡಿಗೆ ಹೋಗಿ ನೋಡಿ ಬಂತು. ಅವರ ಸಲಹೆ ಕೇಳೋಕೆ ಕಷ್ಟವಾದದ್ದು: ಹೆಣ್ಣು ಜಿಂಕೆಗಳನ್ನೂ ಹೊಡೆದು ಸಂಖ್ಯೆ ಇಳಿಸಬೇಕು. 1943ರಲ್ಲಿ ಅವರು ರಾಜ್ಯದ ಸಂರಕ್ಷಣಾ ಆಯೋಗದ ಸದಸ್ಯರಾದರು. ಆ ವರ್ಷದ ಬೇಟೆಯಲ್ಲಿ ಸತ್ತ ಜಿಂಕೆಗಳು 1 ಲಕ್ಷಕ್ಕೂ ಹೆಚ್ಚು. ಬ್ಯಾಂಬಿ ಸಿನಿಮಾ ಬಂದು ಒಂದು ವರ್ಷವಾಗಿತ್ತಷ್ಟೇ, ಜನ ಸುಮ್ಮನಿರ್ತಾರಾ? ಅವರನ್ನು ಬೈಯೋಕೆ ಅಂತಲೇ ಒಂದು ಪತ್ರಿಕೆ ಹೊರಟಿತು. ಮರುವರ್ಷ ಮತ್ತೆ ಗಂಡು ಜಿಂಕೆಗೆ ಮಾತ್ರ ಬೇಟೆ. ಲೆಕ್ಕ ಸರಿಯಿದ್ದರೂ ಯೋಜನೆ ಸೋತಿತು. ತೋಳ ಕೊಂದ ಆ ಹಳೇ ದಿನದ ಬಗ್ಗೆ, ಆಗ ತಾನು ತಿಳಿದಿದ್ದೇ ತಪ್ಪು ಅಂತ ಅವರು ಬರೆದದ್ದು ಇದೇ ಗಲಾಟೆಯ ನಡುವೆ, 1944ರಲ್ಲಿ. ನನ್ನ ಪ್ರಕಾರ ಅವರ ಬದುಕಿನಲ್ಲಿ ಎಲ್ಲಕ್ಕಿಂತ ಧೈರ್ಯದ ಕೆಲಸ ಅದು.

ಇಷ್ಟರ ಮಧ್ಯೆ 1935ರಲ್ಲಿ ವಿಸ್ಕಾನ್ಸಿನ್ ನದಿ ಪಕ್ಕ ಸಾರ ಕಳೆದುಕೊಂಡ ಒಂದು ಜಮೀನು ಕೊಂಡಿದ್ದರು. ಅಲ್ಲಿದ್ದ ಹಳೆಯ ಕೋಳಿಗೂಡೇ ವಾರಾಂತ್ಯದ ಮನೆ. ಹೆಂಡತಿ ಎಸ್ಟೆಲ್ಲಾ, ಐದು ಮಕ್ಕಳು ಎಲ್ಲರೂ ಸೇರಿ ಪ್ರತಿ ವಸಂತದಲ್ಲಿ ಸಾವಿರಾರು ಪೈನ್ ಸಸಿ ನೆಟ್ಟರು. ಮೊದಮೊದಲು ನೆಟ್ಟವು ಬರಕ್ಕೆ ಒಣಗಿಹೋದವು. ಮತ್ತೆ ನೆಟ್ಟರು. ಅಂದಹಾಗೆ, ಮಗ ಲೂನಾ ಸಿವಿಲ್ ಇಂಜಿನಿಯರಿಂಗ್ ಓದಿ, ನದಿಗಳ ಹರಿವಿನ ಅಧ್ಯಯನದಲ್ಲಿ ದೊಡ್ಡ ಹೆಸರು ಮಾಡಿದವರು.

1948ರ ಏಪ್ರಿಲ್ 21ರಂದು ಪಕ್ಕದ ಜಮೀನಿನ ಹುಲ್ಲಿಗೆ ಬೆಂಕಿ ಬಿತ್ತು. ಆರಿಸೋಕೆ ಹೋದ ಲಿಯೋಪೋಲ್ಡ್ ಹೃದಯಾಘಾತವಾಗಿ ಅಲ್ಲೇ ತೀರಿಕೊಂಡರು. ವಯಸ್ಸು 61. ಅವರ ಪುಸ್ತಕ ಪ್ರಕಟಣೆಗೆ ಒಪ್ಪಿಗೆಯಾಗಿದೆ ಅನ್ನೋ ಸುದ್ದಿ ಬಂದು ಒಂದೇ ವಾರವಾಗಿತ್ತು. 1949ರಲ್ಲಿ ಅದು ಹೊರಬಂತು.

ಈಗ ಅಮೆರಿಕದ ಪ್ರತಿ ರಾಜ್ಯವೂ ಅಪಾಯದಲ್ಲಿರುವ ಪ್ರಾಣಿಗಳು ಮತ್ತು ಅವುಗಳ ಆವಾಸಕ್ಕೆ ಒಂದು ಯೋಜನೆ ಇಟ್ಟುಕೊಂಡಿದೆ. ಕೇಂದ್ರದ ಅನುದಾನ ಬೇಕಾದರೆ 2005ರೊಳಗೆ ಅದನ್ನು ಬರೆದು ಕೊಡಬೇಕಿತ್ತು. ಬೇಟೆಗೆ ಬಾರದ ಕಪ್ಪೆ, ಚಿಟ್ಟೆಗಳೂ ಅದರಲ್ಲಿವೆ. ವಿಸ್ಕಾನ್ಸಿನ್‌ನಲ್ಲಿ ಲಿಯೋಪೋಲ್ಡ್ ಶಿಷ್ಯರಾದ ಫ್ರೆಡರಿಕ್ ಮತ್ತು ಫ್ರಾನ್ಸೆಸ್ ಹ್ಯಾಮರ್‌ಸ್ಟ್ರಾಮ್ ದಂಪತಿ, ಅಳಿಯುತ್ತಿದ್ದ ಪ್ರೇರಿ ಚಿಕನ್ ಎಂಬ ಹುಲ್ಲುಗಾವಲಿನ ಕೋಳಿಗೆ ದಶಕಗಳ ಕಾಲ ದುಡಿದರು. ಒಂದೇ ದೊಡ್ಡ ಅಭಯಾರಣ್ಯ ಬೇಡ, ರೈತರ ಹೊಲಗಳ ಮಧ್ಯೆ ಮಧ್ಯೆ ಹುಲ್ಲಿನ ತುಂಡುಗಳನ್ನು ಹರಡಿ ಉಳಿಸಿ ಅನ್ನೋದು ಅವರ ಯೋಜನೆ. ಬ್ಯೂನಾ ವಿಸ್ಟಾ ಎಂಬಲ್ಲಿ ಆ ತುಂಡುಗಳು ಇವೆ. ಏಪ್ರಿಲ್‌ನಲ್ಲಿ ನಸುಕಿಗೇ ಎದ್ದು ಹೋದರೆ ಗಂಡುಕೋಳಿಗಳು ಕತ್ತಿನ ಚೀಲ ಉಬ್ಬಿಸಿ, ಕಾಲು ಬಡಿದು ಕುಣಿಯೋದು ಕಾಣುತ್ತೆ.