ಕುದ್ಮುಲ್ ರಂಗರಾಯರು ಕೇಳಿದ ಕುರ್ಚಿ

ವಾರ್ಡುಗಳ ಮೀಸಲಾತಿ ಪಟ್ಟಿ ಹೊರಬಿತ್ತೆಂದರೆ ನಮ್ಮ ಪೇಟೆಗಳಲ್ಲಿ ಒಂದು ವಾರ ಬೇರೆ ಮಾತೇ ಇಲ್ಲ. ಪುತ್ತೂರಿನ ಮುಖ್ಯರಸ್ತೆಯ ಜವುಳಿ ಅಂಗಡಿಯಲ್ಲೂ ಅದೇ, ಸುಳ್ಯದ ಹೋಟೆಲಿನ ಬೆಂಚಿನಲ್ಲೂ ಅದೇ. ಕಡಬ ಪಟ್ಟಣ ಪಂಚಾಯಿತಿಗೆ 2025ರ ಆಗಸ್ಟಿನಲ್ಲಿ ಮೊದಲ ಚುನಾವಣೆ ನಡೆಯಿತಲ್ಲ, ಇದ್ದದ್ದು 13 ವಾರ್ಡು. ಅದಕ್ಕೂ ಮೊದಲು ಬಸ್ಸಿನಲ್ಲಿ ಇದೇ ಚರ್ಚೆ. ನಮ್ಮ ವಾರ್ಡು ಮಹಿಳೆಗೆ ಹೋಯಿತು, ಅವರ ವಾರ್ಡು ಪರಿಶಿಷ್ಟ ಜಾತಿಗೆ ಹೋಯಿತು, ಇಷ್ಟು ವರ್ಷ ಓಡಾಡಿದ ನಮ್ಮವನ ಗತಿ ಎಂಥದು ಎಂದು. ಹೋಯಿತು ಎಂಬ ಮಾತನ್ನು ಗಮನಿಸಿ. ಯಾರದ್ದೋ ಮನೆಯ ಸೊತ್ತನ್ನು ಇನ್ಯಾರೋ ಹೊತ್ತುಕೊಂಡು ಹೋದ ಹಾಗೆ ಹೇಳುತ್ತೇವೆ.

ಈ ಕುರ್ಚಿಯನ್ನು ಮೊದಲು ಕೇಳಿದ್ದು ಯಾರು? ದಿಲ್ಲಿಯವರಲ್ಲ, ಬೆಂಗಳೂರಿನವರೂ ಅಲ್ಲ. ನಮ್ಮ ಜಿಲ್ಲೆಯ ಒಬ್ಬ ವಕೀಲರು. ಸಂವಿಧಾನ ಬರುವುದಕ್ಕೆ ಎಷ್ಟೋ ಮೊದಲೇ ಕೇಳಿದರು. ಕೇಳಿದ್ದು ತನಗಲ್ಲ, ತನ್ನ ಜಾತಿಗೂ ಅಲ್ಲ.

ಬಂದರಿಗೆ ಸಾಮಾನು ತರಲು ಹೋಗುವ ಅಂಗಡಿಯವರಿಗೆ ಅವರ ಹೆಸರು ಗೊತ್ತು, ಆದರೆ ಮನುಷ್ಯ ಗೊತ್ತಿಲ್ಲ. ಮಂಗಳೂರಿನ ಪುರಭವನಕ್ಕೆ ಕುದ್ಮುಲ್ ರಂಗರಾವ್ ಪುರಭವನ ಎಂದೇ ಹೆಸರು. ಅದರ ಎದುರು ನೂರು ಸಲ ಹಾದುಹೋಗಿ, ಒಳಗೆ ಹೋಗಿ ನಾಟಕ ನೋಡಿ, ಸನ್ಮಾನ ನೋಡಿ ಬಂದವರೂ ಆ ರಂಗರಾಯರು ಯಾರು ಮಾರಾಯ್ರೆ ಎಂದರೆ ಯಾರೋ ದೊಡ್ಡ ಜನ ಇರಬೇಕು ಎನ್ನುತ್ತಾರೆ. ನನ್ನದೂ ಬೇರೆ ಕತೆಯಲ್ಲ. ಪಿಯುಸಿ ಅರ್ಧಕ್ಕೆ ಬಿಟ್ಟವ ನಾನು. ಬಿಡುವ ತನಕ ಓದಿದ ಪುಸ್ತಕದಲ್ಲಿ ಇವರ ಹೆಸರು ಕಂಡ ನೆನಪಿಲ್ಲ. ಪತ್ರಿಕೆಗೆ ಸೇರಿ ಪುರಭವನದ ಕಾರ್ಯಕ್ರಮ ವರದಿ ಮಾಡಲು ಹೋದಾಗಲೇ ವಿಚಾರಿಸಿದ್ದು.

ರಂಗರಾಯರು ಹುಟ್ಟಿದ್ದು 1859ರ ಜೂನ್ 29ರಂದು, ಕಾಸರಗೋಡಿನ ಕಡೆ, ಸಾರಸ್ವತ ಬ್ರಾಹ್ಮಣರ ಮನೆಯಲ್ಲಿ. ಆಗ ಕಾಸರಗೋಡು ಕೇರಳಕ್ಕೆ ಸೇರಿರಲಿಲ್ಲ. ಅದೂ ನಮ್ಮ ದಕ್ಷಿಣ ಕನ್ನಡ ಜಿಲ್ಲೆಯೇ, ಜಿಲ್ಲೆ ಮದರಾಸು ಪ್ರಾಂತದ್ದು. ಪುತ್ತೂರು, ಸುಳ್ಯ, ಕಡಬ ಎಂದು ಮೂರು ತಾಲೂಕು ಇರಲಿಲ್ಲ, ಎಲ್ಲಾ ಸೇರಿ ಉಪ್ಪಿನಂಗಡಿ ತಾಲೂಕು. ಚಿಕ್ಕಂದಿನಲ್ಲೇ ತಂದೆ ತೀರಿಕೊಂಡರು. ಹೊಟ್ಟೆಪಾಡಿಗೆ ಮಂಗಳೂರಿಗೆ ಬಂದ ಹುಡುಗ ಅಲ್ಪ ಸಂಬಳಕ್ಕೆ ಮಾಸ್ತರಿಕೆ ಮಾಡಿದ, ಜೊತೆಗೇ ಓದಿದ, ಪ್ಲೀಡರ್ ಪರೀಕ್ಷೆ ಪಾಸು ಮಾಡಿ ಕೋರ್ಟಿಗೆ ನಿಂತ. ಬಡವರ ವಕೀಲ ಎಂದು ಹೆಸರಾಯಿತು. ಹೀಗೆ ಹೆಸರಾದವರ ಕಿಸೆ ಎಷ್ಟು ತುಂಬುತ್ತದೆ ಎಂದು ನಮ್ಮ ಕೋರ್ಟು ರಸ್ತೆಯವರಿಗೆ ಹೇಳಬೇಕಾಗಿಲ್ಲ.

ಕೋರ್ಟಿನಲ್ಲೇ ನಡೆದ ಒಂದು ಸಂಗತಿ ಅವರ ಮನಸ್ಸನ್ನು ತಿರುಗಿಸಿತು ಎಂದು ಹಳಬರು ಹೇಳುತ್ತಾರೆ. ಬೆಂದೂರು ಬಾಬು ಎಂಬ ದಲಿತ ಯುವಕ. ನಾಲ್ಕಕ್ಷರ ಕಲಿತಿದ್ದ. ಅವನಿಗೆ ಕೋರ್ಟಿನಲ್ಲಿ ಜವಾನನ ಕೆಲಸ ಸಿಕ್ಕಿತು. ಜವಾನ ಅಂದರೆ ಫೈಲು ತಂದು ಕೊಡುವವ, ಅಷ್ಟೇ. ಮೇಲ್ಜಾತಿಯವರು ಗಲಾಟೆ ಎಬ್ಬಿಸಿದರು, ಬಾಬು ಆ ಕೆಲಸದಲ್ಲಿ ಉಳಿಯಲಿಲ್ಲ. ಕಾನೂನು ಓದಿ ಬಂದ ರಂಗರಾಯರಿಗೆ ನ್ಯಾಯಾಲಯದ ಮೆಟ್ಟಿಲಲ್ಲೇ ನ್ಯಾಯ ಎಷ್ಟು ಎಂಬುದು ಕಂಡಿತು. ಇನ್ನೂ ಒಂದು ಅವರಿಗೆ ಹೊಳೆದಿರಬೇಕು ಅಂತ ನನಗೆ ಕಾಣುವುದು: ಒಬ್ಬನೇ ಒಬ್ಬ ಮೇಲೆ ಬಂದರೆ ತಳ್ಳುವುದು ಸುಲಭ.

ಮಂಗಳೂರಿನಲ್ಲಿ 1870ರಲ್ಲೇ ಬ್ರಹ್ಮಸಮಾಜ ಶುರುವಾಗಿತ್ತು. ಉಳ್ಳಾಲ ರಘುನಾಥಯ್ಯನವರೂ ಬಿಲ್ಲವ ಸಮಾಜದ ಅರಸಪ್ಪನವರೂ ಸೇರಿ ಕಟ್ಟಿದ್ದು. ರಂಗರಾಯರು ಅಲ್ಲಿಗೆ ಸೇರಿದರು. ಜಾತಿ ಇಲ್ಲ ಎಂದು ಪ್ರಾರ್ಥನೆ ಮಾಡಿ ಮನೆಗೆ ಹೋಗುವವರು ಆಗಲೂ ಇದ್ದರು, ಈಗಲೂ ಇದ್ದಾರೆ. ರಾಯರಿಗೆ ಅಷ್ಟು ಸಾಕಾಗಲಿಲ್ಲ.

1892ರಲ್ಲಿ ಉರ್ವ ಚಿಲಿಂಬಿಯಲ್ಲಿ ಬಾಡಿಗೆಯ ಜಾಗದಲ್ಲಿ ದಲಿತ ಮಕ್ಕಳಿಗೆ ಒಂದು ಶಾಲೆ ತೆರೆದರು. ಸುತ್ತಲಿನವರು ಬಿಡಲಿಲ್ಲ. ಜಾಗ ಬದಲಾಯಿಸಿದರು. ಅಲ್ಲೂ ಅದೇ ಪಾಡು. ಆದರೆ ಇವರೂ ಬಿಡುವ ಕುಳವಲ್ಲ. ಒಂದು ಕಡೆ ಮುಚ್ಚಿಸಿದರೆ ಇನ್ನೊಂದು ಕಡೆ ತೆರೆಯುವುದು. ಕಂಕನಾಡಿ, ಬೋಳೂರು, ಅತ್ತಾವರ, ಆಮೇಲೆ ಮೂಲ್ಕಿ, ಉಡುಪಿಯ ಕಡೆ. 1897ರಲ್ಲಿ ಡಿಪ್ರೆಸ್ಡ್ ಕ್ಲಾಸಸ್ ಮಿಶನ್ ಎಂಬ ಸಂಸ್ಥೆಯನ್ನೇ ಕಟ್ಟಿದರು. ಜನರ ಬಾಯಲ್ಲಿ ಅದು ಡಿ.ಸಿ.ಎಂ. ಆಯಿತು.

ಶಾಲೆ ತೆರೆದ ಮಾತ್ರಕ್ಕೆ ಮಕ್ಕಳು ಬರುತ್ತಾರೆಯೇ? ದನ ಕಾಯುವ ಹುಡುಗ ಶಾಲೆಗೆ ಬಂದರೆ ಆ ದಿನದ ಗಂಜಿಗೆ ಏನು ಗತಿ? ಇದನ್ನು ಯೋಚಿಸಿದ್ದೇ ರಾಯರ ಹೆಚ್ಚುಗಾರಿಕೆ. ಶಾಲೆಗೆ ಬಂದ ಮಗುವಿಗೆ ದಿನಕ್ಕೆ ಎರಡು ಪೈಸೆ ಕೊಡುವ ಏರ್ಪಾಡು ಮಾಡಿದರು. ಮಧ್ಯಾಹ್ನ ಊಟ ಹಾಕಿಸಿದರು. ಈಗ ಎಲ್ಲಾ ಸರಕಾರಿ ಶಾಲೆಯಲ್ಲಿ ಬಿಸಿಯೂಟ ಉಂಟು, ನಮಗೆ ಅದು ವಿಶೇಷವಲ್ಲ. ನೂರಕ್ಕೂ ಹೆಚ್ಚು ವರ್ಷದ ಹಿಂದೆ ಒಬ್ಬ ಪ್ಲೀಡರು ಸ್ವಂತ ಕಿಸೆಯಿಂದ, ಊರವರಲ್ಲಿ ಕೈಯೊಡ್ಡಿ ಇದನ್ನು ನಡೆಸಿದ್ದು. ಕಲಿಸಲು ಮೇಲ್ಜಾತಿಯ ಮಾಸ್ತರರು ಮುಂದೆ ಬಾರದಿದ್ದಾಗ ಕ್ರೈಸ್ತ ಮಾಸ್ತರರನ್ನು ಹಾಕಿದರು. ಅಕ್ಷರದ ಜೊತೆ ನೇಯ್ಗೆ, ಮರಗೆಲಸ. ಶಾಲೆ ಬಿಟ್ಟ ಹುಡುಗ ಮತ್ತೆ ಧಣಿಯ ಅಂಗಳಕ್ಕೆ ಹೋಗಿ ನಿಲ್ಲಬಾರದು ಎಂಬ ಲೆಕ್ಕ.

ಇದಕ್ಕೆ ಸಿಕ್ಕಿದ ಬಹುಮಾನ ಬಹಿಷ್ಕಾರ. ಸ್ವಜಾತಿಯವರು ಹೊರಗಿಟ್ಟರು. ಕ್ಷೌರದವರು ಬರಲಿಲ್ಲ, ಬಟ್ಟೆ ಒಗೆಯುವವರು ಬರಲಿಲ್ಲ. ಗಂಡಸು ಹೊರಗೆ ಸಮಾಜ ಸುಧಾರಣೆ ಮಾಡಿಕೊಂಡು ಇರಬಹುದು. ನೆರೆಕರೆಯವರು ಬಾಗಿಲು ಹಾಕಿಕೊಂಡಾಗ ಮನೆಯೊಳಗೆ ದಿನ ಕಳೆದದ್ದು ಹೆಂಡತಿ ರುಕ್ಮಿಣಿಬಾಯಿ ಮತ್ತು ಮಕ್ಕಳು. ಅವರ ಬಗ್ಗೆ ಬರೆದವರು ಕಡಿಮೆ.

ಆಮೇಲೆ ಜಾಗದ ವಿಷಯ. ಓದು ಬಂತು, ಕಸುಬು ಬಂತು, ನಿಲ್ಲಲು ಒಂದು ಸೆಂಟ್ಸ್ ಜಾಗ ಇಲ್ಲದಿದ್ದರೆ? ದಲಿತರಿಗೂ ಕೊರಗರಿಗೂ ಮನೆ ಕಟ್ಟಲು ಜಾಗ ಕೊಡಿಸಿದರು, ಕಾಲೊನಿ ಮಾಡಿಸಿದರು, ಬಾವಿ ತೋಡಿಸಿದರು. ಪುತ್ತೂರಿನವರಿಗೆ ಈ ಜಾಗದ ಸಂಕಟವನ್ನು ವಿವರಿಸಬೇಕಾಗಿಲ್ಲ. ನಮ್ಮೂರಲ್ಲೇ ಬಾಳಿದ ಶಿವರಾಮ ಕಾರಂತರು ಚೋಮನ ದುಡಿ ಬರೆದದ್ದು ಅದರ ಮೇಲೆಯೇ. ಅದು ಅಚ್ಚಾದದ್ದು 1933ರಲ್ಲಿ, ರಂಗರಾಯರು ತೀರಿಕೊಂಡು ಐದು ವರ್ಷದ ಮೇಲೆ. ಎತ್ತಿದ್ದರೂ ಉಳಲು ತುಂಡು ಗದ್ದೆ ಸಿಗದ ಚೋಮ ಕಾದಂಬರಿಯ ಮನುಷ್ಯ ಇರಬಹುದು. ಅಂಥವರು ಆಗ ಪ್ರತಿ ಗ್ರಾಮದಲ್ಲೂ ಇದ್ದರು.

ಇನ್ನು ಕುರ್ಚಿಯ ಕತೆ. ರಂಗರಾಯರ ಬಗ್ಗೆ ಭಾಷಣ ಮಾಡುವವರು ಶಾಲೆಯಷ್ಟನ್ನೇ ಹೇಳಿ ಹಾರ ಹಾಕಿ ಇಳಿಯುತ್ತಾರೆ, ಇದನ್ನು ಹೇಳುವುದು ಕಡಿಮೆ.

1884ರಲ್ಲಿ ಮದರಾಸು ಸರಕಾರ ಎರಡು ಕಾಯಿದೆ ಮಾಡಿತು. ಹಳ್ಳಿಗಳಿಗೆ ಜಿಲ್ಲಾ ಬೋರ್ಡು, ತಾಲೂಕು ಬೋರ್ಡು. ಪೇಟೆಗಳಿಗೆ ಪುರಸಭೆ. ರಸ್ತೆ, ಕುಡಿಯುವ ನೀರು, ದೀಪ, ಶಾಲೆ, ಆಸ್ಪತ್ರೆ, ಸಂತೆ ಎಲ್ಲಾ ಇವರ ಕೈಗೆ. ಸದಸ್ಯರು ಯಾರು? ಓಟು ಇದ್ದದ್ದು ತೆರಿಗೆ ಕಟ್ಟುವವರಿಗೆ. ಮನೆ ಇದ್ದವನಿಗೆ ತೆರಿಗೆ, ತೆರಿಗೆ ಕಟ್ಟಿದವನಿಗೆ ಓಟು. ಮನೆಯೇ ಇಲ್ಲದವನಿಗೆ? ಅವನು ಲೆಕ್ಕದಲ್ಲೇ ಇಲ್ಲ. ಹಾಗಾಗಿ ಬೋರ್ಡಿನಲ್ಲಿ ಕೂತವರು ಜಮೀನ್ದಾರರು, ವಕೀಲರು, ದೊಡ್ಡ ವ್ಯಾಪಾರಿಗಳು. ಪೇಟೆಯ ಬೀದಿ ಗುಡಿಸುವವ, ಪಾಯಿಖಾನೆ ತೊಳೆಯುವವ ಪುರಸಭೆಯ ಕೆಲಸದವ. ಅವನ ಕೇರಿಗೆ ಬಾವಿ ಬೇಕೋ ಬೇಡವೋ ಎಂದು ತೀರ್ಮಾನಿಸುವ ಮೇಜಿನ ಹತ್ತಿರ ಅವನ ಜನರಲ್ಲಿ ಒಬ್ಬನೂ ಇಲ್ಲ.

ಕಾಯಿದೆಯಲ್ಲಿ ಒಂದು ಕಂಡಿ ಇತ್ತು. ಕೆಲವು ಸದಸ್ಯರನ್ನು ಸರಕಾರ ನಾಮಕರಣ ಮಾಡಬಹುದು. ಸಾಮಾನ್ಯವಾಗಿ ಅಧಿಕಾರಿಗಳಿಗೆ ಬೇಕಾದ ದೊಡ್ಡವರಿಗೇ ಅದು ಸಲ್ಲುತ್ತಿತ್ತು. ರಂಗರಾಯರು ಆ ಕಂಡಿಯನ್ನೇ ಹಿಡಿದರು. ದಲಿತರ ಪರವಾಗಿ ಬೋರ್ಡಿನಲ್ಲಿ ಮಾತಾಡಲು ತನ್ನನ್ನು ಕೂರಿಸಿ ಎಂದು ಕೇಳಬಹುದಿತ್ತು. ರಾವ್ ಸಾಹೇಬ್ ಬಿರುದು ಪಡೆದ ವಕೀಲರು, ಕೊಡುತ್ತಿದ್ದರೋ ಏನೋ. ಅವರು ಕೇಳಿದ್ದು ದಲಿತರನ್ನೇ ಕೂರಿಸಿ ಎಂದು. ಅವರ ಒತ್ತಾಯದಿಂದ ಅಂಗಾರ ಮಾಸ್ತರ್ ಮತ್ತು ಗೋವಿಂದ ಮಾಸ್ತರ್ ಎಂಬ ಇಬ್ಬರು ಜಿಲ್ಲಾ ಬೋರ್ಡಿಗೂ ಪುರಸಭೆಗೂ ನಾಮಕರಣವಾದರು. ಇಬ್ಬರ ಹೆಸರಿನ ಕೊನೆಯಲ್ಲೂ ಮಾಸ್ತರ್ ಎಂದಿರುವುದನ್ನು ನೋಡಿ. ಶಾಲೆಯಿಂದ ಬೋರ್ಡಿಗೆ ದಾರಿ ಎಷ್ಟು ಹತ್ತಿರ ಎಂದು ಗೊತ್ತಾಗುತ್ತದೆ.

ಕೋರ್ಟಿನ ಹೊರಗೆ ಜವಾನನಾಗಿ ನಿಲ್ಲಲೂ ಬಿಡದ ಊರದು. ಅದೇ ಊರಿನಲ್ಲಿ ಮೇಜಿನ ಎದುರು ಕೂತು, ಕೈ ಎತ್ತಿ ಮತ ಹಾಕುವ ಸದಸ್ಯ. ನನಗಂತೂ ಇದು ಶಾಲೆಗಿಂತ ದೊಡ್ಡ ಕೆಲಸ ಎಂದು ಕಾಣುತ್ತದೆ. ಓದಿದವರು ಒಪ್ಪದಿದ್ದರೆ ಬೇಡ.

ಇದರಲ್ಲಿ ಕುಂದೇ ಇಲ್ಲ ಎಂದಲ್ಲ. ನಾಮಕರಣ ಎಂದರೆ ಕೊಟ್ಟವರ ಮರ್ಜಿ. ಜನರ ಓಟಿನಿಂದ ಬಂದವನಿಗೆ ಇರುವ ಧೈರ್ಯ ಅದರಲ್ಲಿ ಬರುವುದಿಲ್ಲ. ಆ ಧೈರ್ಯಕ್ಕೆ ಸ್ವಾತಂತ್ರ್ಯ ಬರಬೇಕಾಯಿತು, ಎಲ್ಲರಿಗೂ ಓಟು ಬರಬೇಕಾಯಿತು. 1993ರ ಜೂನ್ 1ರಂದು ಜಾರಿಗೆ ಬಂದ ಸಂವಿಧಾನದ 74ನೇ ತಿದ್ದುಪಡಿಯಿಂದ ನಗರಸಭೆ, ಪಟ್ಟಣ ಪಂಚಾಯಿತಿಗಳಲ್ಲಿ ಜನಸಂಖ್ಯೆಗೆ ತಕ್ಕಂತೆ ಪರಿಶಿಷ್ಟರಿಗೆ ಸ್ಥಾನ, ಕನಿಷ್ಠ ಮೂರನೇ ಒಂದು ಪಾಲು ಮಹಿಳೆಯರಿಗೆ ಎಂದಾಯಿತು. ಕರ್ನಾಟಕದಲ್ಲಿ ಮಹಿಳೆಯರ ಪಾಲು ಆಮೇಲೆ ಅರ್ಧಕ್ಕೆ ಏರಿತು. ದುಡ್ಡಿನಲ್ಲೂ ಪಾಲು ಉಂಟು: ಪರಿಶಿಷ್ಟರಿಗೆ ಶೇ. 24.10, ಇತರ ಬಡವರಿಗೆ ಶೇ. 7.25, ಅಂಗವಿಕಲರಿಗೆ ಶೇ. 5ರ ನಿಧಿ. ಇದನ್ನು ಅಂಗಡಿಯವರು ಕೂಡ ತಿಳಿದಿರುವುದು ಒಳ್ಳೆಯದು. ನೀವು ಕಟ್ಟುವ ತೆರಿಗೆಯ ದುಡ್ಡೂ ಅದರಲ್ಲಿ ಉಂಟು.

ಕುರ್ಚಿ ಸಿಕ್ಕಿದರೆ ಮಾತು ಸಿಕ್ಕಿತೇ? ನಮ್ಮ ಕಡೆಯ ಒಂದು ಸಭೆ, ಯಾವುದೆಂದು ಬೇಡ. ಮೀಸಲು ವಾರ್ಡಿನ ಸದಸ್ಯೆ ಎದ್ದು ಕಾಲೊನಿಯ ನೀರಿನ ಪೈಪಿನ ಬಗ್ಗೆ ಕೇಳಿದರು. ಅವರ ಮಾತು ಮುಗಿಯುವ ಮೊದಲೇ ಹಳೆಯ ಸದಸ್ಯರೊಬ್ಬರು ಮಾರುಕಟ್ಟೆಯ ಏಲಂ ವಿಷಯ ಎತ್ತಿದರು. ಸಭೆ ಆ ಕಡೆ ತಿರುಗಿತು. ಆಯಮ್ಮ ಸ್ವಲ್ಪ ಹೊತ್ತು ನಿಂತೇ ಇದ್ದರು, ಮತ್ತೆ ಕೂತರು. ಮರುದಿನ ನಾನು ಬರೆದದ್ದೂ ಏಲಂ ಗಲಾಟೆಯನ್ನೇ. ಪೈಪಿನ ಬಗ್ಗೆ ಒಂದು ಸಾಲು ಇರಲಿಲ್ಲ. ಏಲಂ ಸುದ್ದಿಯನ್ನು ಜನ ಓದುತ್ತಾರೆ ಎಂದು ನನ್ನ ಲೆಕ್ಕ. ತಪ್ಪಿನಲ್ಲಿ ನನ್ನ ಪಾಲೂ ಉಂಟು.

ಸುಳ್ಯ ವಿಧಾನಸಭಾ ಕ್ಷೇತ್ರ ಪರಿಶಿಷ್ಟ ಜಾತಿಗೆ ಮೀಸಲು, ಕಡಬವೂ ಅದರೊಳಗೆ. ಅಲ್ಲಿಂದ 1994ರಿಂದ ಆರು ಸಲ ಗೆದ್ದ ಎಸ್. ಅಂಗಾರ 2021ರಲ್ಲಿ ಮಂತ್ರಿಯಾದರು. ಅಂಗಾರ ಮಾಸ್ತರರ ಹೆಸರೇ! ಸಂಬಂಧ ಏನೂ ಇಲ್ಲ, ಮಂಗಳವಾರ ಹುಟ್ಟಿದವರಿಗೆ ನಮ್ಮ ತುಳುವರು ಇಡುವ ಹೆಸರು ಅದು. ಆದರೂ ಆ ದಿನ ಸುದ್ದಿ ಓದುವಾಗ ಹಳೆಯ ಜಿಲ್ಲಾ ಬೋರ್ಡು ನೆನಪಾಯಿತು. 2023ರಲ್ಲಿ ಅಲ್ಲಿಂದ ಗೆದ್ದವರು ಭಾಗೀರಥಿ ಮುರುಳ್ಯ.

ಹೆಣ್ಣುಮಕ್ಕಳ ವಿಷಯದಲ್ಲೂ ರಾಯರು ಬಾಯಲ್ಲಿ ಒಂದು, ಮನೆಯಲ್ಲಿ ಒಂದು ಮಾಡಿದವರಲ್ಲ. ಮಗಳು ರಾಧಾಬಾಯಿಯನ್ನು ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನವರೆಗೆ ಓದಿಸಿದರು. ಆಕೆಯ ಮದುವೆ ಜಾತಿ ಬಿಟ್ಟು, ಭಾಷೆ ಬಿಟ್ಟು ತಮಿಳುನಾಡಿನ ಪಿ. ಸುಬ್ಬರಾಯನ್ ಅವರೊಂದಿಗೆ ಆಯಿತು. ಅಳಿಯ ಮುಂದೆ ಮದರಾಸು ಪ್ರಾಂತದ ಮುಖ್ಯಮಂತ್ರಿಯಾದರು. ರಾಧಾಬಾಯಿ 1930ರಲ್ಲಿ ಲಂಡನ್ನಿನ ದುಂಡುಮೇಜಿನ ಪರಿಷತ್ತಿಗೆ ಹೋದರು, ಯಾರಿಗೆ ಓಟು ಕೊಡಬೇಕೆಂದು ನೋಡಲು ನೇಮಿಸಿದ ಲೋಥಿಯನ್ ಸಮಿತಿಯಲ್ಲಿ ಕೂತರು, 1938ರಲ್ಲಿ ಕೌನ್ಸಿಲ್ ಆಫ್ ಸ್ಟೇಟ್‌ಗೆ ಹೋದ ಮೊದಲ ಮಹಿಳೆಯಾದರು. ತಂದೆ ಊರಿನ ಬೋರ್ಡಿನಲ್ಲಿ ಕೇಳಿದ್ದನ್ನು ಮಗಳು ಲಂಡನ್ನಿನಲ್ಲಿ ಹೆಂಗಸರಿಗಾಗಿ ಕೇಳಿದರು ಎನ್ನಬಹುದು. ಭೂಸೇನೆಯ ಮುಖ್ಯಸ್ಥರಾಗಿದ್ದ ಜನರಲ್ ಕುಮಾರಮಂಗಲಂ, ಕೇಂದ್ರ ಮಂತ್ರಿಯಾಗಿದ್ದ ಮೋಹನ ಕುಮಾರಮಂಗಲಂ ರಾಯರ ಮೊಮ್ಮಕ್ಕಳು.

ಕೊನೆಗಾಲದಲ್ಲಿ ಮಿಶನ್ನನ್ನು ಸರ್ವೆಂಟ್ಸ್ ಆಫ್ ಇಂಡಿಯಾ ಸೊಸೈಟಿಗೆ ವಹಿಸಿದರು. 1927ರಲ್ಲಿ ಸನ್ಯಾಸ ತೆಗೆದುಕೊಂಡು ಈಶ್ವರಾನಂದ ಎಂಬ ಹೆಸರಿಟ್ಟುಕೊಂಡರು. 1928ರ ಜನವರಿ 30ರಂದು ತೀರಿಕೊಂಡರು. ತನ್ನ ಹೆಣಕ್ಕೆ ದಲಿತರೇ ಕೈಹಾಕಬೇಕು, ಅವರೇ ಸಂಸ್ಕಾರ ಮಾಡಬೇಕು ಎಂದು ಮೊದಲೇ ಹೇಳಿಟ್ಟಿದ್ದರು. ಆರು ವರ್ಷದ ಮೇಲೆ, 1934ರಲ್ಲಿ, ಗಾಂಧೀಜಿ ಮಂಗಳೂರಿಗೆ ಬಂದಾಗ ಈ ಕೆಲಸವನ್ನು ನೋಡಿ ಮೆಚ್ಚಿ ಹೋದರು.

ಅತ್ತಾವರದ ಬಾಬುಗುಡ್ಡೆಯಲ್ಲಿ ಅವರ ಸಮಾಧಿ ಉಂಟು. ಅವರ ಒಂದು ಆಸೆಯನ್ನು ಅಲ್ಲಿ ಕೆತ್ತಿದ್ದಾರೆ: ತನ್ನ ಶಾಲೆಯಲ್ಲಿ ಕಲಿತ ದಲಿತ ಮಕ್ಕಳು ದೊಡ್ಡ ಹುದ್ದೆಗೆ ಹೋಗಿ ಈ ದಾರಿಯಲ್ಲಿ ಕಾರಿನಲ್ಲಿ ಹೋಗಬೇಕು, ಆ ಕಾರಿನ ಧೂಳು ತನ್ನ ತಲೆಗೆ ತಾಗಬೇಕು ಎಂದು. ಪುತ್ತೂರಿನಿಂದ ಬಸ್ಸಿನಲ್ಲಿ ಹೋಗುವವರು ಮಂಗಳೂರಿನಲ್ಲಿ ಇಳಿದು ರಿಕ್ಷಾದವರಲ್ಲಿ ಬಾಬುಗುಡ್ಡೆ ಎಂದರೆ ಸಾಕು. ಬಂದರಿನ ಕೆಲಸ ಮುಗಿಸಿ, ಸಂಜೆಯ ಬಸ್ಸಿಗೆ ಮೊದಲು ಹೋಗಿ ಬರುವಷ್ಟು ಹತ್ತಿರವೇ.